ಸೀಟಿಗೆ ಓಡಿದ ಕಾಲು

ಮೊನ್ನೆ ಚಿಕ್ಕಪ್ಪನ ಮನೆಯ ಬಾಗಿಲು ತೆರೆದ ಕೂಡಲೇ ನೋವಿನ ಮುಲಾಮಿನ ಘಾಟು ಮೂಗಿಗೆ ಬಡಿಯಿತು. ನಿಮ್ಮ ಮನೆಯಲ್ಲೂ ಇರುತ್ತದೆ ಬಿಡಿ ಆ ಡಬ್ಬಿ. ನೆಗಡಿಯಿಂದ ಸೊಂಟದವರೆಗೆ ಎಲ್ಲಕ್ಕೂ ಅದೇ. ನನಗೆ ಮಾತ್ರ ಆ ವಾಸನೆ ಬಂದರೆ ತಂಗಿ ಶೈಲಾಳ ಕಾಲು ನೆನಪಾಗುತ್ತದೆ.

ತೊಂಬತ್ತರ ದಶಕದ ಕೊನೆ. ಆಗ ನಾವು ಜೀವನ್ ಬಿಮಾ ನಗರದಲ್ಲಿದ್ದೆವು. ಶೈಲಾಗೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗುವ ಹಟ. ಓಟದ ಟೆಸ್ಟ್ ಪಾಸಾಗದಿದ್ದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಚಿಕ್ಕಪ್ಪ ಕಚೇರಿಯ ಕುರ್ಚಿ ಬಿಟ್ಟು ಬೇರೇನನ್ನೂ ಸವೆಸಿದವರಲ್ಲ. ಆದರೂ ಶಿವಾಜಿನಗರದಿಂದ ಒಂದು ಸೀಟಿ ತಂದು ಕೊರಳಿಗೆ ಹಾಕಿಕೊಂಡದ್ದೇ, ಅವರೇ ಕೋಚ್. ಪಕ್ಕದಲ್ಲೇ ಮಣ್ಣಿನ ಮೈದಾನವಿದ್ದರೂ ಅವಳನ್ನು ಡಾಂಬರು ರಸ್ತೆಯಲ್ಲಿ ಓಡಿಸಿದರು. ಗಟ್ಟಿ ನೆಲದಲ್ಲಿ ಓಡಿದರೆ ಮೂಳೆ ಗಟ್ಟಿಯಾಗುತ್ತದಂತೆ. ಅವಳ ಕಾಲಿಗೆ ತೆಳು ಅಡಿಯ ಕ್ಯಾನ್ವಾಸ್ ಶೂ, ತಾವು ಹಿಂದಿನಿಂದ ಸ್ಕೂಟರಿನಲ್ಲಿ.

ಕಣಕಾಲಿನ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಮೊದಲು ಓಡುತ್ತಾ ಮೈ ಬಿಸಿಯಾದರೆ ಮಾಯವಾಗುತ್ತಿತ್ತು. ಆಮೇಲೆ ಸುಮ್ಮನೆ ಕುಳಿತರೂ ನೋವು. ಕಾಲೋನಿಯ ಗೇಟಿನಲ್ಲಿ ವೈದ್ಯರಿಗೇನು ಬರ? ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಮುದ್ದೆ ಬಿಟ್ಟದ್ದಕ್ಕೆ ಎಂದರು. ಚಿಕ್ಕಪ್ಪ ಡಬ್ಬಿಗಟ್ಟಲೆ ಮುಲಾಮು ತಿಕ್ಕಿಸಿ, "ನೋವು ಬಂತು ಅಂದ್ರೆ ಕಾಲು ಪಳಗ್ತಾ ಇದೆ ಅಂತ. ಇನ್ನೊಂದ್ ರೌಂಡ್ ಹೊಡಿ!" ಎಂದು ಸೀಟಿ ಊದಿದರು.

ಕೊನೆಗೆ ಕುಂಟುತ್ತಿದ್ದವಳನ್ನು ಅಮ್ಮ ಹಲಸೂರಿನ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಚಿಕ್ಕಪ್ಪನೂ ಬಂದರು, ಸೀಟಿ ಸಮೇತ. ಡಾಕ್ಟರಮ್ಮ ಮೂಳೆಯ ಉದ್ದಕ್ಕೂ ಬೆರಳಿನಿಂದ ಒತ್ತುತ್ತಾ ಬಂದರು. ಒಂದು ಕಡೆ ಶೈಲಾ ಚೀರಿದಳು.

"ಉದ್ದಕ್ಕೂ ನೋಯ್ತಿದ್ರೆ ರೆಸ್ಟು, ಐಸು, ಒಳ್ಳೆ ಶೂ ಸಾಕಾಗ್ತಿತ್ತು. ಇದು ಒಂದೇ ಜಾಗ. ಮೂಳೆ ಬಿರುಕು ಬಿಡ್ತಾ ಇರೋ ಹಾಗಿದೆ. ಓಟ ನಿಲ್ಸಿ."

"ಬರೋ ತಿಂಗಳು ಟೆಸ್ಟ್ ಇದೆ ಮೇಡಂ," ಎಂದರು ಚಿಕ್ಕಪ್ಪ.

"ಹಾಗಾದ್ರೆ ನೀವೇ ಓಡಿ."

ಟೆಸ್ಟ್ ತಪ್ಪಿತು. ಶೈಲಾ ಗೋಡೆಗೆ ಮುಖಮಾಡಿ ಅತ್ತಳು. ಮನೆಯವರು ಜಾತಕ ಹೊರತೆಗೆದರು. ಆ ಸೀಟಿಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳು ಮಾತ್ರ ಜಾತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನೋವು ಪೂರ್ತಿ ಹೋದ ಮೇಲೆ ಮೊದಲು ನಡೆದು, ಆಮೇಲೆ ಮಣ್ಣಿನ ಮೈದಾನದಲ್ಲಿ ಸ್ವಲ್ಪಸ್ವಲ್ಪವೇ ಓಡಿ, ಮುಂದಿನ ಸಲ ಪಾಸಾದಳು. ಚಿಕ್ಕಪ್ಪ "ನನ್ನ ಟ್ರೈನಿಂಗು" ಎಂದು ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು.

ಮೊನ್ನೆಯ ಘಾಟು ಅವರ ಕಾಲಿನದೇ. ಈ ವಯಸ್ಸಿನಲ್ಲಿ, ಮೊಬೈಲು ಹೇಳಿದಷ್ಟು ಹೆಜ್ಜೆ ಬಿರುಸಾಗಿ ನಡೆದು ಮಂಚ ಹಿಡಿದಿದ್ದರು. ಸಮವಸ್ತ್ರದಲ್ಲೇ ಬಂದಿದ್ದ ಶೈಲಾ ಅವರ ಕಾಲನ್ನು ಮಡಿಲಲ್ಲಿಟ್ಟುಕೊಂಡು ಮೂಳೆಯುದ್ದಕ್ಕೂ ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ನನ್ನಲ್ಲಿದ್ದ ಸಿಟ್ಟು ಅವಳ ಬೆರಳಿನಲ್ಲಿ ಇರಲಿಲ್ಲ. ನನಗೆ ನಾಚಿಕೆಯಾಯಿತು.

"ಎಲ್ಲಾ ಕಡೆ ನೋಯುತ್ತೆ ಕಣೆ."

"ಹಾಗಾದ್ರೆ ಬಚಾವಾದ್ರಿ. ವಾಕಿಂಗ್ ಬಂದ್."

"ನಾಳೆ ಒಂದೇ ಒಂದ್ ರೌಂಡು..." ಎನ್ನುತ್ತಾ ಚಿಕ್ಕಪ್ಪ ಏಳಲು ನೋಡಿದರು.

ಆ ಹಳೆಯ ಸೀಟಿ ಗೋಡೆಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು. ಶೈಲಾ ಅದನ್ನು ತೆಗೆದು ಅವರ ಕಿವಿಯ ಬಳಿ ಊದಿದಳು. ಚಿಕ್ಕಪ್ಪ ತಟ್ಟನೆ ಕುಳಿತರು.