ಅರವತ್ತೈದು ಕಿಲೋದ ಸೀಟು

ಸಂಡೂರಿನ ಅದಿರು ಟಿಪ್ಪರ್ ಬಿಟ್ಟ ಮ್ಯಾಲೆ ನಾನು ಒಂದು ಕಾರು ಕಂಪನಿಯಾಗ ಟೆಸ್ಟಿಂಗ್ ಡ್ರೈವರ್ ಆದೆ. ಕಾರು ಇನ್ನೂ ಮಾರ್ಕೆಟ್ಟಿಗೆ ಬಂದಿರಲಿಲ್ಲ. ಕರೆಂಟಿನ ಗಾಡಿ, ಏಳು ಸೀಟು, ಫ್ಯಾಮಿಲಿಗಂತ ಮಾಡಿದ್ದು. ಹೊಸಪೇಟೆ ಬಿಟ್ಟು ಸಂಡೂರು ಘಾಟಿ ಹತ್ತಿ ಇಳಿದು, ತೋರಣಗಲ್ಲು ಸುತ್ತಿ ವಾಪಸ್ ಬರೋದು. ಒಂದು ಚಾರ್ಜಿಗೆ ಎಷ್ಟು ದೂರ ಓಡ್ತೈತಿ, ಏರಿನಾಗ ಬ್ಯಾಟರಿ ಎಷ್ಟು ಬಿಸಿ ಆಗ್ತೈತಿ, ಇಷ್ಟು ನೋಡೋದು. ನಾನೊಬ್ಬ, ಲ್ಯಾಪ್‌ಟಾಪ್ ಹಿಡಿದ ಇಂಜಿನಿಯರಮ್ಮ ಒಬ್ಬರು. ಉಳಿದ ಐದು ಸೀಟಿಗೆ ಮಂದಿ ಬದಲು ಮರಳಿನ ಚೀಲ, ಒಂದೊಂದು ಅರವತ್ತೈದು ಕಿಲೋ. ಚೀಲಕ್ಕೂ ಬೆಲ್ಟ್ ಹಾಕಬೇಕಿತ್ತು, ಇಲ್ಲಾಂದ್ರ ಗಾಡಿ ಕುಂಯ್ ಕುಂಯ್ ಅಂತಿತ್ತು.

ಇದನ್ನ ಮನ್ಯಾಗ ಹೇಳಿದ್ದೇ ತಪ್ಪಾತು. "ಮರಳು ಕುಂದರ್ತೈತಿ, ನಾನು ಕುಂದರಬಾರದೇನು?" ಅಂದ್ಲು ಹೆಂಡ್ತಿ. ಅಕಿ ಕೇಳಿದ್ದು ಖರೇನ ಐತಿ. ಇಪ್ಪತ್ತು ವರ್ಷ ಟಿಪ್ಪರ್ ಓಡಿಸಿದೀನಿ, ನಾನು ಓಡಿಸೋ ಗಾಡ್ಯಾಗ ಅಕಿ ಒಂದು ದಿನ ಕುಂತಿಲ್ಲ. ಕಂಪ್ಲಿಯ ತವರಿಗೂ ಬಸ್ಸಿನಾಗ ಹೋಗಿ ಬರ್ತಿದ್ಲು. ಇದೊಂದು ಸಲ ಕುಂದರಬೇಕಂತ ಹಟ ಹಿಡಿದ್ಲು.

ಇಂಜಿನಿಯರಮ್ಮನ್ನ ಕೇಳಿದೆ. ಅವರು ಮ್ಯಾಲಿನವರಿಗೆ ಫೋನ್ ಹಚ್ಚಿ ಕೇಳಿ, "ಲೋಡ್ ಕರೆಕ್ಟ್ ಇದ್ದರೆ ಸಾಕು" ಅಂದ್ರು. ಚಿತ್ತವಾಡ್ಗಿಯ ಗುಜರಿ ಅಂಗಡಿ ತಕ್ಕಡಿ ಮ್ಯಾಲೆ ಅಕಿನ್ನ ರೇಷ್ಮೆ ಸೀರಿ ಸಮೇತ ನಿಲ್ಲಿಸಿದೆ. ನಲವತ್ತೆಂಟು. ಒಂದು ಚೀಲ ಇಳಿಸಿ, ಅಕಿನ್ನ ಕುಂದರಿಸಿ, ಕಾಲಬುಡಕ್ಕ ಹದಿನೇಳು ಕಿಲೋ ಮರಳು ಇಟ್ವಿ. ಟಿಪ್ಪರಿನ ರೂಢಿ ನೋಡ್ರಿ, ಟ್ರಿಪ್ ಶೀಟಿನಾಗ ನಾನು "ಲೋಡ್: ಹೆಂಡ್ತಿ, ಕಡಿಮಿ ಬಿದ್ದದ್ದು ಮರಳು" ಅಂತ ಬರೆದೆ. ಇಂಜಿನಿಯರಮ್ಮ ಅದನ್ನ ಹೊಡೆದು ಹಾಕಿ "ಪ್ರಯಾಣಿಕರು ಒಬ್ಬರು" ಅಂತ ಮಾಡಿದ್ರು.

ಘಾಟಿ ತನಕ ಅಕಿ ಮಾತೋ ಮಾತು. ಸಪ್ಪಳನ ಇಲ್ಲಲ್ರಿ, ಬಂದ್ ಬಿದ್ದೈತೇನು ಅಂತ ಎರಡು ಸಲ ಕೇಳಿದ್ಲು. ಘಾಟಿ ತಿರುವಿನಾಗ ಎದುರಿಗೆ ತುಂಬಿದ ಟಿಪ್ಪರ್ ಬಂತು. ಎಡಕ್ಕ ಒತ್ತಿ, ಕಣಿವಿ ಅಂಚಿನ ಮ್ಯಾಲೆ ಗಾಲಿ ಇಟ್ಟು ದಾಟಿಸಿದೆ. ನಮಗದು ದಿನದ ಕೆಲಸ. ಅಕಿ ಮುಂದಿನ ಸೀಟು ಹಿಡಿದಾಕಿ ಮನಿ ತನಕ ಬಿಡಲಿಲ್ಲ. ಇಳಿಜಾರಿನಾಗ ಬ್ಯಾಟರಿ ತಾನ ಎರಡು ಪರ್ಸೆಂಟ್ ತುಂಬಿಕೊಂತು, ಇಂಜಿನಿಯರಮ್ಮ ಖುಷಿಯಿಂದ ಬರಕೊಂಡ್ರು.

ಮನಿ ಮುಂದ ಇಳಿದ ಮ್ಯಾಲೆ, "ಇಪ್ಪತ್ತು ವರ್ಷ ಇದೇ ದಾರೀಲೆ ಬರ್ತಿದ್ರೇನು?" ಅಂದ್ಲು. ಹ್ಞೂಂ ಅಂದೆ.

"ಲೇಟಾದ್ರ ಬಾಯಿಗೆ ಬಂದಂಗ ಬೈತಿದ್ದೆ. ಇನ್ನ ಬೈಯಂಗಿಲ್ಲ."

ಮರುದಿನ ಬೇಕಂತಲೇ ಒಂದು ತಾಸು ತಡ ಮಾಡಿ ಮನಿಗೆ ಹೋದೆ. ಬೈಲಿಲ್ಲ. ಸುಮ್ನ ತಾಟು ಹಚ್ಚಿ ಇಟ್ಲು. ಭಾಳ ಬ್ಯಾಸರಾತು.