ಹಾಯಿಸಿದ ನೀರು ಎಲ್ಲಿಗೆ ಹೋಗುದು?

ಆಲಂಕಾರಿನ ಹತ್ತಿರ ಗುಡ್ಡವೊಂದರ ಮೇಲೆ ವಿದ್ಯುತ್ ಕೂಡಿಡುವ ದೊಡ್ಡ ಬ್ಯಾಟರಿಗಳ ಕೇಂದ್ರ ಬರುವುದಿತ್ತು. ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಯೋಜನೆ ಬರೆಯುವ ಕೆಲಸ ನನ್ನದು. ಅದನ್ನು ವಿವರಿಸಲು ಗುಡ್ಡದ ಮೇಲೆಯೇ ಊರವರ ಸಭೆ ಕರೆದಿದ್ದೆವು.

"ಬ್ಯಾಟರಿ ತುಂಬಿದ ಒಂದು ಕಂಟೇನರಿಗೆ ಬೆಂಕಿ ಹಿಡಿದರೆ ಅದನ್ನು ಆರಿಸಲು ಹೋಗುವುದಿಲ್ಲ. ಅದು ಉರಿದು ಮುಗಿಯುವವರೆಗೆ ಅಕ್ಕಪಕ್ಕದ ಕಂಟೇನರುಗಳಿಗೆ ಬೆಂಕಿ ಹರಡದಂತೆ ನೀರು ಹಾಯಿಸುತ್ತೇವೆ," ಎಂದೆ ಗಂಭೀರವಾಗಿ.

ಗುಡ್ಡದ ಬುಡದಲ್ಲೇ ಮನೆಯಿರುವ ಗಿರಿಜಕ್ಕ ಎದ್ದು ನಿಂತರು. "ಅಂದ್ರೆ ಉರಿಯುದನ್ನು ನೋಡ್ತಾ ನಿಲ್ಲುದಾ ಮಾರಾಯ್ರೆ? ಅಷ್ಟು ನಮಗೂ ಬರ್ತದೆ."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಬ್ಯಾಟರಿಯ ಒಳಗಿನ ಬೆಂಕಿಗೆ ನೀರು ತಲುಪುವುದೇ ಕಷ್ಟ, ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳುತ್ತದೆ ಎಂದು ವಿವರಿಸಿದೆ.

ಅವರು ತಲೆಯಾಡಿಸಿದರು. "ಸರಿ. ಆ ಪಕ್ಕದ್ದಕ್ಕೆ ಹಾಯಿಸಿದ ನೀರು ಮತ್ತೆ ಎಲ್ಲಿಗೆ ಹೋಗುದು?"

ನಾನು ನಕ್ಷೆ ನೋಡಿದೆ. ಅದರಲ್ಲಿ ಟ್ಯಾಂಕಿ ಇತ್ತು, ಪೈಪು ಇತ್ತು, ಅಗ್ನಿಶಾಮಕ ವಾಹನ ತಿರುಗಿಸಲು ಜಾಗವೂ ಇತ್ತು. ಹರಿದ ನೀರು ಎತ್ತ ಹೋಗುತ್ತದೆ ಎನ್ನುವುದು ಮಾತ್ರ ಇರಲಿಲ್ಲ.

"ನಾನು ಹೇಳ್ತೇನೆ," ಎಂದರು ಗಿರಿಜಕ್ಕ. "ಕೆಳಗೆ ನಮ್ಮ ಬಾವಿ ಉಂಟು. ಕುಡಿಯುದು ಅದನ್ನೇ."

ಈ ಸಲ ಯಾರೂ ನಗಲಿಲ್ಲ. ಸಭೆ ಮುಗಿದ ಮೇಲೆ ಅವರ ಹಿಂದೆಯೇ ಗುಡ್ಡ ಇಳಿದು ಬಾವಿ ನೋಡಿ ಬಂದೆ. ಬ್ಯಾಟರಿಯ ವಿಷ ಸೇರಿದ ನೀರು ಕೆಳಗೆ ಇಳಿಯದಂತೆ ತಡೆದಿಡಲು ಕಾಂಕ್ರೀಟ್ ಹೊಂಡವೊಂದನ್ನು ಯೋಜನೆಗೆ ಸೇರಿಸಿದೆ.

ನಮ್ಮ ಕಂಪನಿಯ ಮೇಲಿನವರು ನನ್ನ ದೂರದೃಷ್ಟಿಯನ್ನು ಮೆಚ್ಚಿ ಪತ್ರ ಕಳಿಸಿದ್ದಾರೆ. ಗಿರಿಜಕ್ಕನಿಗೆ ಅದನ್ನು ತೋರಿಸುವ ಧೈರ್ಯ ಇನ್ನೂ ಬಂದಿಲ್ಲ.