ಒಂದು ನಿಮಿಷ ನಲವತ್ತು ಸೆಕೆಂಡಿನ ರಟ್ಟು

ಶಾಲೆಯ ದಾಖಲೆಯಲ್ಲಿ ಅವರು ಅಟೆಂಡರ್. ಮಕ್ಕಳ ಬಾಯಲ್ಲಿ ರಟ್ಟಪ್ಪ. ಗಂಟೆ ಹೊಡೆಯುವುದು, ನೋಟಿಸ್ ಹಿಡಿದು ತರಗತಿಯಿಂದ ತರಗತಿಗೆ ತಿರುಗುವುದು, ಹೆಡ್‌ಮಿಸ್ಸಿನ ಕನ್ನಡಕ ಹುಡುಕಿಕೊಡುವುದು, ಇವೆಲ್ಲ ಇದ್ದದ್ದೇ. ಆದರೆ ಹೆಸರು ಬಂದದ್ದು ಶನಿವಾರದ ಕೆಲಸದಿಂದ. ಅಂದು ಮಧ್ಯಾಹ್ನ ದೊಡ್ಡ ಕೋಣೆಯ ಕಿಟಕಿಗಳಿಗೆ ಪರದೆ ಎಳೆದು ಮಕ್ಕಳಿಗೆ ಕಾರ್ಟೂನ್ ಸಿನಿಮಾ ತೋರಿಸುವುದು ರೂಢಿ. ಯಾರಾದರೂ ಸಾಯುವ, ಕಳೆದುಹೋಗುವ ಜಾಗ ಬಂದರೆ, ಹಳೆಯ ಫೈಲಿನಿಂದ ಕಿತ್ತ ರಟ್ಟೊಂದನ್ನು ಪ್ರೊಜೆಕ್ಟರಿನ ಮುಂದೆ ಹಿಡಿಯಬೇಕು. ಗೋಡೆ ಕಪ್ಪಾಗುತ್ತದೆ. ಗಂಡಾಂತರ ಕಳೆದ ಮೇಲೆ ತೆಗೆಯಬೇಕು. ಇದು ಹಿಂದಿನ ಹೆಡ್‌ಮಾಸ್ಟರರ ಆಜ್ಞೆ. ಅವರು ನಿವೃತ್ತರಾಗಿ ಹೋದರು, ಆಜ್ಞೆ ಮಾತ್ರ ಸೇವೆಯಲ್ಲೇ ಉಳಿಯಿತು.

ಎಲ್ಲಿ ಹಿಡಿಯಬೇಕೆಂದು ಗೊತ್ತಾಗಬೇಕಲ್ಲ? ಅದಕ್ಕೇ ಶುಕ್ರವಾರ ಶಾಲೆ ಬಿಟ್ಟ ಮೇಲೆ ರಟ್ಟಪ್ಪ ಒಬ್ಬರೇ ಕೂತು ಇಡೀ ಸಿನಿಮಾ ನೋಡಿ, ನಿಮಿಷ ಬರೆದಿಟ್ಟುಕೊಳ್ಳುತ್ತಿದ್ದರು. ಹೀಗಾಗಿ ಇಪ್ಪತ್ತು ವರ್ಷಗಳಲ್ಲಿ ಆ ಸಿನಿಮಾಗಳನ್ನು ಪೂರ್ತಿ ನೋಡಿದ್ದು ಅವರೊಬ್ಬರೇ. ಮಜಾ ಏನೆಂದರೆ, ಅವರಿಗೆ ಪ್ರಾಣವಾದದ್ದು ಮುಚ್ಚಬೇಕಾದ ಸಿನಿಮಾಗಳೇ. ನೆರಳುಗಳೆಲ್ಲ ಮುನಿಸಿಕೊಂಡು ಮನುಷ್ಯರನ್ನು ಬಿಟ್ಟು ಹೊರಟುಹೋಗುವ ಊರಿನ ಕತೆ. ಕೀಲಿ ಕೊಡುವವರಿಲ್ಲದೆ ನಡುದಾರಿಯಲ್ಲಿ ನಿಂತುಬಿಡುವ ತಗಡಿನ ಕುದುರೆ. ಎಲ್ಲಕ್ಕಿಂತ ಹೆಚ್ಚಾಗಿ ಕರಡಿಮರಿಯದು. ಹೆಪ್ಪುಗಟ್ಟಿದ ಕೆರೆ ದಾಟುವಾಗ ಮಂಜುಗಡ್ಡೆ ಬಿರಿದು ತಾಯಿ ಕರಡಿ ಮುಳುಗುತ್ತದೆ. ಅಲ್ಲಿ ರಟ್ಟಿಗೆ ಒಂದು ನಿಮಿಷ ನಲವತ್ತು ಸೆಕೆಂಡು ಕೆಲಸ. ಶುಕ್ರವಾರ ಅಷ್ಟೂ ಹೊತ್ತು ರಟ್ಟಪ್ಪ ಅಳುತ್ತಿದ್ದರು.

“ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಕರಡಿಗೋಸ್ಕರ ಅಳೋದಾ?” ಗಂಡನ ಕೆಂಪು ಕಣ್ಣು ನೋಡಿ ಹೆಂಡತಿ ಕಿಚಾಯಿಸುತ್ತಿದ್ದರು. “ನಾನು ಜ್ವರ ಬಂದು ಮಲಗಿದಾಗ ಒಂದು ಹನಿನಾದ್ರೂ ಉದುರಿಸಿದ್ರಾ?”

“ನೀನು ಮುಳುಗೋಳಲ್ಲ ಕಣೇ, ಮುಳುಗಿಸೋಳು.”

ಆ ಶನಿವಾರವೂ ಕರಡಿಯ ಸಿನಿಮಾ ಎಂದಿನಂತೆ ಮುಗಿಯಿತು. ಗಲಾಟೆ ಶುರುವಾದದ್ದು ಸೋಮವಾರ, ಶಾಲೆಯ ಗೇಟಿನಲ್ಲಿ. ಅಲ್ಲಿ ಚರಂಡಿಯ ಮೇಲೊಂದು ಚಪ್ಪಡಿ ಕಲ್ಲು. ಕಾಲಿಟ್ಟರೆ ಅಲುಗಾಡಿ ಕಟಕ್ ಎನ್ನುತ್ತದೆ. ಮೂರನೇ ತರಗತಿಯ ಗುಬ್ಬಿ, ಎಲ್ಲರೂ ಹಾಗೇ ಕರೆಯುವ ಪುಟ್ಟ ಹುಡುಗಿ, ಅದರ ಮುಂದೆ ಕಂಬದಂತೆ ನಿಂತುಬಿಟ್ಟಳು.

“ದಾಟೇ ಮಹಾರಾಯ್ತಿ, ಗಂಟೆ ಹೊಡೀತು,” ಎಂದರು ಕರೆತಂದ ಅಜ್ಜಿ.

“ಬಿರಿಯತ್ತೆ ಅಜ್ಜಿ. ಕೆಳಗಡೆ ಅಮ್ಮ ಕರಡಿ ಇದೆ. ಕೂಗ್ತಿದೆ.”

ಅಜ್ಜಿ ಅವಳನ್ನು ಎತ್ತಿಕೊಂಡೇ ಹೆಡ್‌ಮಿಸ್ಸಿನ ಕೋಣೆಗೆ ನುಗ್ಗಿದರು. “ನೆಲದಡಿ ಕರಡಿ ಕೂಗ್ತಿದೆ ಅಂತ ಎರಡು ದಿನದಿಂದ ಬಚ್ಚಲುಮನೆಗೂ ಕಾಲಿಡ್ತಿಲ್ಲ ಮೇಡಂ! ಎಂಥ ಸಿನಿಮಾ ತೋರಿಸಿದ್ರಿ?”

“ಕರಡಿ ಮುಳುಗೋದನ್ನ ತೋರಿಸೇ ಇಲ್ಲಮ್ಮ, ರಟ್ಟು ಹಿಡಿದಿದ್ವಿ,” ಎಂದರು ಹೆಡ್‌ಮಿಸ್. ಆಮೇಲೆ ಬಾಗಿಲಲ್ಲಿದ್ದ ರಟ್ಟಪ್ಪನವರತ್ತ ತಿರುಗಿದರು. “ಸಾಕು ಈ ಸಹವಾಸ. ಸಿನಿಮಾ ಬಂದ್. ಪ್ರೊಜೆಕ್ಟರನ್ನ ಉಗ್ರಾಣಕ್ಕೆ ಹಾಕಿಬಿಡಿ.”

ಶನಿವಾರ ಹೋದರೆ ರಟ್ಟಪ್ಪನವರ ಪಾಲಿಗೆ ವಾರವೇ ಹೋದಂತೆ. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆಯೇ. ರಟ್ಟು ಮುಚ್ಚಿದ್ದು ಚಿತ್ರವನ್ನು, ಸದ್ದನ್ನಲ್ಲ! ಕತ್ತಲೆಯಲ್ಲಿ ಕೂತ ಮಕ್ಕಳು ಬಿರಿದದ್ದನ್ನು ಕೇಳಿದ್ದರು, ಕೂಗಿದ್ದನ್ನು ಕೇಳಿದ್ದರು. ಯಾರು ಕೂಗಿದರೆಂದು ನೋಡುವ ಹಕ್ಕು ಮಾತ್ರ ಅವರಿಗಿರಲಿಲ್ಲ. ಇಪ್ಪತ್ತು ವರ್ಷ ಎಷ್ಟು ಮಕ್ಕಳು ಆ ಕಪ್ಪು ಗೋಡೆಯನ್ನು ಮನೆಗೆ ಹೊತ್ತೊಯ್ದರೋ! ಅದೇ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಬೆರಳ ಗಿಣ್ಣಿನ ಮೇಲೆ ಸ್ಕೇಲಿನಿಂದ ಬಾರಿಸುವಾಗ ಯಾರೂ ರಟ್ಟು ಅಡ್ಡ ಹಿಡಿದಿರಲಿಲ್ಲ. ಮಕ್ಕಳ ಮನಸ್ಸು ಮೃದು ಎಂಬುದು ದೊಡ್ಡವರಿಗೆ ನೆನಪಾಗುವುದು ಕಾರ್ಟೂನ್ ಕರಡಿ ಸಾಯುವಾಗ ಮಾತ್ರ.

“ಹಾಕ್ತೀನಿ ಮೇಡಂ,” ಎಂದರು. “ಅದಕ್ಕೆ ಮುಂಚೆ ಆ ತುಣುಕನ್ನ ಮಗುಗೆ ಒಂದ್ಸಲ ತೋರಿಸ್ಲಾ?”

“ತಲೆ ಕೆಟ್ಟಿದೆಯಾ ನಿಮಗೆ?”

“ನೀವು ನೋಡಿದೀರಾ ಮೇಡಂ, ಅದನ್ನ?”

ಹೆಡ್‌ಮಿಸ್ ಕನ್ನಡಕ ತೆಗೆದು ಒರೆಸಿದರು. ನೋಡಿರಲಿಲ್ಲ.

“ಹೆದರಿಕೊಂಡಿರೋಳು ಅವಳು. ಅವಳನ್ನೇ ಕೇಳಿ,” ಎಂದರು ಅಜ್ಜಿ.

“ಅಜ್ಜಿ ಕೈ ಹಿಡ್ಕೊಂಡ್ರೆ ನೋಡ್ತೀನಿ,” ಎಂದಳು ಗುಬ್ಬಿ.

ಊಟದ ಬಿಡುವಿನಲ್ಲಿ ರಟ್ಟಪ್ಪ ಪರದೆ ಎಳೆದರು. ಮುಂದಿನ ಬೆಂಚಿನಲ್ಲಿ ಅಜ್ಜಿ, ಮೊಮ್ಮಗಳು. ಹಿಂದೆ ಹೆಡ್‌ಮಿಸ್. ರಟ್ಟಪ್ಪನವರ ಕೈ ಅಭ್ಯಾಸದಿಂದ ರಟ್ಟಿನ ಮೇಲೆ ಹೋಯಿತು. ರಟ್ಟಪ್ಪ ಅದನ್ನು ತಿಕದಡಿ ಹಾಕಿಕೊಂಡು ಕೂತರು.

ಗಡ್ಡೆ ಬಿರಿಯಿತು. ತಾಯಿ ಕರಡಿ ನೀರಿಗೆ ಜಾರಿತು. ಜಾರಿದರೂ ಮೂತಿಯಿಂದ ಮರಿಯನ್ನು ಮುಂದಕ್ಕೆ ನೂಕಿತು, ಇನ್ನೊಂದು ಸಲ ನೂಕಿತು. ಮರಿ ಗಟ್ಟಿ ಮಂಜಿನ ಮೇಲೆ ಉರುಳಿ ಎದ್ದು ತಿರುಗಿ ಕೂಗಿತು. ತಾಯಿ ಕೂಗಲೇ ಇಲ್ಲ. ಮರಿ ದಡ ಮುಟ್ಟುವವರೆಗೂ ನೋಡುತ್ತಲೇ ಇತ್ತು. ಆಮೇಲೆ ನೀರು ಮುಚ್ಚಿಕೊಂಡಿತು.

“ಕೂಗಿದ್ದು ಮರಿ!” ಗುಬ್ಬಿ ಎದ್ದು ನಿಂತಳು. “ಅಮ್ಮ ಅಲ್ಲ!”

“ಅಲ್ಲ ಪುಟ್ಟಿ,” ಎಂದರು ರಟ್ಟಪ್ಪ.

“ಕೆಳಗಡೆ ಯಾರೂ ಕೂಗ್ತಿಲ್ವಾ?”

“ಯಾರೂ ಇಲ್ಲ.”

“ಅಮ್ಮ ಸತ್ತೋಯ್ತಾ?”

ಅಜ್ಜಿ ಬಾಯಿ ತೆರೆದರು. ರಟ್ಟಪ್ಪ ಮೊದಲೇ ಹೇಳಿಬಿಟ್ಟರು. “ಹೌದು.”

ಗುಬ್ಬಿ ಅತ್ತಳು. ಅಜ್ಜಿಯ ಸೆರಗು ನೆನೆಯುವಷ್ಟು ಅತ್ತು, ಮೂಗೊರೆಸಿ, “ಇನ್ನೊಂದ್ಸಲ ಹಾಕಿ ತಾತ,” ಎಂದಳು.

ಸಂಜೆ ಗೇಟಿನಲ್ಲಿ ಅವಳು ಚಪ್ಪಡಿಯ ಮೇಲೆ ಒಂದು ಕಾಲಿಟ್ಟಳು. ಕಟಕ್. ಕಿವಿಗೊಟ್ಟಳು. ಇನ್ನೊಂದು ಕಾಲೂ ಇಟ್ಟು ಕುಣಿದೇ ಕುಣಿದಳು. “ನಡಿಯೇ, ಕಲ್ಲು ಮುರೀಬೇಡ,” ಎಂದು ಅಜ್ಜಿ ಬೈಯುತ್ತಲೇ ನಕ್ಕರು.

ಪ್ರೊಜೆಕ್ಟರ್ ಉಗ್ರಾಣಕ್ಕೆ ಹೋಗಲಿಲ್ಲ. ಹೆಡ್‌ಮಿಸ್ ಹೊಸ ಆಜ್ಞೆಯನ್ನೇನೂ ಹೊರಡಿಸಲಿಲ್ಲ. ಶನಿವಾರ ಅದೇ ಸಿನಿಮಾ ಹಾಕಿಸಿದರು, ಅಷ್ಟೆ. ಕೆರೆಯ ಜಾಗ ಬಂದಾಗ ರಟ್ಟಪ್ಪ ತಡಕಾಡಿದರೆ ರಟ್ಟೇ ಇಲ್ಲ! ತಿರುಗಿ ನೋಡಿದರು. ಹಿಂದಿನ ಬೆಂಚಿನಲ್ಲಿ ಹೆಡ್‌ಮಿಸ್, ಸೆಕೆಯಾದವರಂತೆ, ಅದರಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು.

ಗಡ್ಡೆ ಬಿರಿಯಿತು. ಮೊದಲು ಒಬ್ಬ, ಆಮೇಲೆ ಹತ್ತು ಮಂದಿ, ಆಮೇಲೆ ಕೋಣೆಗೆ ಕೋಣೆಯೇ ಮೂಗು ಸೇದತೊಡಗಿತು. ಇಪ್ಪತ್ತು ವರ್ಷ ಒಬ್ಬರೇ ಅತ್ತಿದ್ದ ರಟ್ಟಪ್ಪನವರಿಗೆ ಅಂದು ಅಷ್ಟೊಂದು ಜನ ಜೊತೆ. ಮುಂದಿನ ಸಾಲಿನಿಂದ ಗುಬ್ಬಿಯ ದನಿ ಬಂತು. ಪಕ್ಕದವಳಿಗೆ ಹೇಳುತ್ತಿದ್ದಳು:

“ಕಣ್ಣು ಮುಚ್ಕೋಬೇಡ ಕಣೇ. ಈಗ ಅಮ್ಮ ನೂಕತ್ತೆ, ನೋಡು.”